ಅತ್ತೆಯ ಬೀಡಿ ಚೀಲವಾಗಲು ಒಪ್ಪದ ರೆಕ್ಸಿನ್ ಸಾಹೇಬರಿಗೆ

ಮಾನ್ಯ ರೆಕ್ಸಿನ್ ಸಾಹೇಬರೇ,

ನಿಪ್ಪಾಣಿಯ ಬಾಡಿಗೆ ಮನೆಯೊಂದರ ಪಡಸಾಲೆಯಲ್ಲಿ, ತವರಿನಿಂದ ಬಂದ ಕಾಲು ಮಷಿನಿನ ಮುಂದೆ ಕುಳಿತ ನೀಲಮ ಎಂಬ ಗೃಹಿಣಿಯ ಸಾವಿರ ನಮಸ್ಕಾರಗಳನ್ನು ತಾವು ದೊಡ್ಡ ಮನಸ್ಸಿನಿಂದ ಸ್ವೀಕರಿಸಬೇಕು. ತಮ್ಮ ಕ್ಷೇಮ ವಿಚಾರಿಸುವ ಗೋಜಿಗೆ ನಾನು ಹೋಗುವುದಿಲ್ಲ; ಮಳೆಗೆ ನೆನೆಯದ, ಎಳೆದರೂ ಸುಕ್ಕಾಗದ ತಮಗೆ ಅಕ್ಷೇಮ ಎಲ್ಲಿಂದ ಬರಬೇಕು?

ತಮ್ಮನ್ನು ಸೀಟ್ ಕವರ್ ಅಂಗಡಿಯಿಂದ ಮನೆಗೆ ಕರೆತಂದ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಮ್ಮ ಅತ್ತೆ ಜನಾಬಾಯಿಯವರು ಮೂವತ್ತು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ದಿನಾ ಬೆಳಿಗ್ಗೆ ಕಟ್ಟುಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ಕಾರ್ಖಾನೆಗೆ ಬೀಡಿ ಒಪ್ಪಿಸಲು ಹೋಗುತ್ತಾರೆ. ಅಲ್ಲಿ ಬೀಡಿ ಪರೀಕ್ಷಿಸುವ ಅಣ್ಣಾಸಾಬರು ಕೊಂಚ ತೇವ ಕಂಡರೂ ಮುರಿದು ಎಸೆಯುತ್ತಾರೆ. ಈ ವರ್ಷದ ಮೊದಲ ಮಳೆಗೆ ಅತ್ತೆಯ ಒಂದು ದಿನದ ದುಡಿಮೆಯ ಅರ್ಧದಷ್ಟು ಹಾಗೆ ಮುರಿದುಹೋಯಿತು. ಅವರು ಮನೆಗೆ ಬಂದು ಗೋಡೆಗೆ ಒರಗಿ ಕುಳಿತು, ಒದ್ದೆ ಚೀಲವನ್ನು ಹಿಂಡುತ್ತಿದ್ದುದನ್ನು ನಾನು ನೋಡಿದೆ. ಓಣಿಯ ಅರ್ಧ ಹೆಂಗಸರ ಕುಪ್ಪಸ ಹೊಲಿದ ಗರ್ವದಲ್ಲಿ, ನೀರು ಹೋಗದ ಚೀಲವನ್ನು ನಾನೇ ಹೊಲಿದು ಕೊಡುತ್ತೇನೆಂದು ಮಾತು ಕೊಟ್ಟೆ.

ಆದರೆ ತಾವು ಸೂಜಿಯ ಬುಡದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನಿನ ಪಾದಕ್ಕೆ ಹಲ್ಲಿಯಂತೆ ಅಂಟಿಕೊಂಡು, ಮುಂದಕ್ಕೆ ಒಂದು ಗೆರೆಯಷ್ಟೂ ಸರಿಯಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಮಾತು ನೆನಪಾಗಿ, ದೋಷ ನನ್ನದೇ ಎಂದುಕೊಂಡು ಕೈಯಿಂದ ಎಳೆದೆ, ಹೊಲಿಗೆ ಸೊಟ್ಟಗಾಯಿತು. ಕುಪ್ಪಸದಂತೆ ಬಿಚ್ಚಿ ಮತ್ತೆ ಹೊಲಿದರಾಯಿತು ಎಂದುಕೊಂಡರೆ, ಸೂಜಿ ಚುಚ್ಚಿದ ಒಂದೊಂದು ತೂತನ್ನೂ ತಾವು ಹಾಗೆಯೇ ಜೋಪಾನ ಮಾಡಿಟ್ಟುಕೊಂಡಿದ್ದಿರಿ. ಇಂಥ ಜ್ಞಾಪಕಶಕ್ತಿ ನನ್ನ ಗಂಡ ಸುರಜ ಅವರಿಗೆ ಇದ್ದಿದ್ದರೆ ಪೇಟೆಯಿಂದ ದಾರದ ಬದಲು ಬಾಳೆಹಣ್ಣು ತರುತ್ತಿರಲಿಲ್ಲ.

ಸಣ್ಣ ಹೊಲಿಗೆ ಗಟ್ಟಿ ಹೊಲಿಗೆ ಎಂದು ಕಲಿತವಳು ನಾನು. ಹಾಗೆಂದು ಎರಡನೆಯ ತುಂಡನ್ನು ಒತ್ತೊತ್ತಾಗಿ ಹೊಲಿದು ಹಿಡಿದು ಎಳೆದರೆ, ತಾವು ಅಂಚೆ ಚೀಟಿಯ ಹಾಗೆ ಸಾಲು ಹಿಡಿದು ಹರಿದುಕೊಂಡಿರಿ. ಸೂಜಿ ಚುಚ್ಚದೆ, ಪಾದ ತಾಗದೆ, ಬರೀ ನನ್ನ ಕಣ್ಣೀರಿನಿಂದಲೇ ಕೂಡಿಕೊಳ್ಳುವ ವ್ಯವಸ್ಥೆ ತಮ್ಮಲ್ಲಿ ಇದ್ದರೆ ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಕೊನೆಗೆ ಪಕ್ಕದ ಮನೆಯ ಗಿರಿಜವ್ವನವರು ಪೌಡರ್ ಉದುರಿಸಿದರೆ ಪಾದ ಜಾರುತ್ತದೆಂದು ಹೇಳಿಕೊಟ್ಟರು. ಮನೆಯಲ್ಲಿದ್ದದ್ದು ನನ್ನ ಮದುವೆಗೆ ಬಂದ ಗುಲಾಬಿ ವಾಸನೆಯ ಪೌಡರ್ ಒಂದೇ. ಒಳಗೂ ಹೊರಗೂ ಡಬ್ಬಿ ಖಾಲಿಯಾಗುವಷ್ಟು ಉದುರಿಸಿ, ಹೊಲಿಗೆಯನ್ನು ಉದ್ದ ಮಾಡಿ ತುಳಿದೆ. ತಾವು ಎಣ್ಣೆ ಹಚ್ಚಿದವರಂತೆ ಓಡಿದಿರಿ. ಸೂಜಿಯ ತೂತು ಮುಚ್ಚಲು ಹೊಲಿಗೆಯ ಮೇಲೆ ಮೇಣದಬತ್ತಿ ಉಜ್ಜಿ ಚೀಲವನ್ನು ಅತ್ತೆಯ ಕೈಗಿಟ್ಟಾಗ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುದಿನ ಜೋರು ಮಳೆ. ಚೀಲದೊಳಗೆ ಒಂದು ಹನಿಯೂ ಇಳಿಯಲಿಲ್ಲ. ಆದರೆ ಅಣ್ಣಾಸಾಬರು ಕಟ್ಟನ್ನು ಮೂಗಿನ ಹತ್ತಿರ ಹಿಡಿದು, ಸಾಲಿನಲ್ಲಿದ್ದ ಹೆಂಗಸರೆಲ್ಲ ಕೇಳುವಂತೆ, “ಜನಾಬಾಯಿ, ಬೀಡಿ ತಂದೀರೋ, ಮದವಿಗಿ ಹೊಂಟೀರೋ?” ಎಂದರಂತೆ. ಒಂದು ಕಟ್ಟನ್ನೂ ತೆಗೆದುಕೊಳ್ಳದೆ ವಾಪಸು ಕಳಿಸಿದರು. ಎರಡು ದಿನ ಮೊರದಲ್ಲಿ ಹರವಿ ಗಾಳಿಗಿಟ್ಟ ಮೇಲೆಯೇ ಅವು ಬೀಡಿಗಳೆಂದು ಒಪ್ಪಿದರು. ಆ ಎರಡು ದಿನ ಅತ್ತೆಗೆ ಮುಖ ತೋರಿಸಲು ನನಗೆ ನಾಚಿಕೆಯಾಗುತ್ತಿತ್ತು.

ಇಷ್ಟಕ್ಕೇ ತಮ್ಮ ಮೇಲೆ ಫಿರ್ಯಾದು ಮುಗಿಸುತ್ತಿದ್ದೆ. ಆದರೆ ಕಳೆದ ವಾರ ಅತ್ತೆಯವರು ಹಾರೂಗೇರಿಯ ತಂಗಿಯ ಮನೆಗೆ ಹೊರಟಾಗ ಅದೇ ಚೀಲದಲ್ಲಿ ಸೀರೆ ಇಟ್ಟುಕೊಂಡು ಹೋದರು. ಮರಳಿ ಬಂದವರು ಕಾಲು ತೊಳೆಯುವ ಮೊದಲೇ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಮೂವತ್ತ ವರ್ಷ ಆತ ನೋಡ ನೀಲಮಾ, ಬಸ್ಸಿನ್ಯಾಗ ನನ್ನ ಬಾಜೂಕ ಕುಂತಾಕಿ ಮೂಗಿಗಿ ಸೆರಗ ಹಿಡೀಲಿಲ್ಲ ಅಂದ್ರ ಇದ ಮೊದಲ.” ತಂಬಾಕಿನ ವಾಸನೆಗೆ ಜನ ಸರಿದು ಕೂರುವುದನ್ನು ಅವರು ಈವರೆಗೆ ಒಮ್ಮೆಯೂ ಮನೆಯಲ್ಲಿ ಆಡಿರಲಿಲ್ಲ, ನಾನೂ ಕೇಳಿರಲಿಲ್ಲ. ನನಗೆ ಅಳು ಬಂತು.

ಆದ್ದರಿಂದ ಫಿರ್ಯಾದನ್ನು ಹಿಂದಕ್ಕೆ ಪಡೆಯುತ್ತಿಲ್ಲವಾದರೂ, ಆ ಗುಲಾಬಿ ವಾಸನೆಯನ್ನು ಮಾತ್ರ ತಾವು ಯಾವ ಕಾರಣಕ್ಕೂ ಬಿಟ್ಟುಕೊಡಬಾರದೆಂದು ಕೈಮುಗಿದು ಬೇಡಿಕೊಳ್ಳುತ್ತೇನೆ.

ಇಷ್ಟೆಲ್ಲ ಆದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ನೀಲಮ

ತಾ.ಕ.: ಬೀಡಿಗೆಂದು ಬೇರೆ ಚೀಲ ಹೊಲಿದಿದ್ದೇನೆ. ಈ ಸಲ ತಮ್ಮನ್ನು ಓಲೈಸಲು ಪೌಡರ್ ಹಾಕಲಿಲ್ಲ. ಪಾದದ ಕೆಳಗೆ ಹಳೆಯ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆದೆ. ರಾಶಿ ಭವಿಷ್ಯದ ಒಂದು ಸಾಲು ಮಾತ್ರ ಹೊಲಿಗೆಗೆ ಸಿಕ್ಕಿ ಚೀಲದ ಬಾಯಿಯಲ್ಲೇ ಉಳಿದಿದೆ: “ಇಂದು ಕೋಪ ಮಾಡಿಕೊಂಡರೆ ಮನೆಯಲ್ಲಿ ಕಲಹ.” ಅಣ್ಣಾಸಾಬರು ದಿನಾ ಅದನ್ನು ಓದಿಯೇ ಚೀಲ ಬಿಚ್ಚುತ್ತಾರೆ, ಈಗೀಗ ಬೀಡಿ ಮುರಿಯುವುದೂ ಕಡಿಮೆಯಾಗಿದೆಯಂತೆ. ನಿನ್ನೆ ಆ ಚೂರನ್ನು ಕಿತ್ತು ತೆಗೆಯಲು ಹೋದ ನನ್ನ ಕೈಯನ್ನು ಅತ್ತೆಯವರು ಗಟ್ಟಿಯಾಗಿ ಹಿಡಿದುಕೊಂಡರು.