ಅಗ್ಗದ ಗುಂಡು, ಗತ್ತಿನ ಗುಂಡು

"ತುಟ್ಟಿ ಗುಂಡು ತಂದ್ರ ಗುರಿ ತಾನ ಬರಂಗಿಲ್ಲ" ಎಂದು ನನಗೆ ಮೊದಲು ಹೇಳಿದವರು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ಅವರದು ನಾಚಾರಂನಲ್ಲಿ ಮನೆ, ಭಾನುವಾರ ಪಿಸ್ತೂಲ್ ಕ್ಲಬ್ಬು. ನನ್ನನ್ನೂ ಅಲ್ಲಿಗೆ ಎಳೆದವರು ಅವರೇ. ಹೈಟೆಕ್ ಸಿಟಿ ಏಳುತ್ತಿದ್ದ ಕಾಲ. ವಿದೇಶಿ ಅಂದರೆ ಊರೇ ಕಣ್ಣರಳಿಸುತ್ತಿತ್ತು. ಹೀಗಾಗಿ ಗುಂಡಿನ ಹೆಸರಲ್ಲಿ ನಮ್ಮಲ್ಲಿ ಸದಾ ಏನಾದರೊಂದು ಫಜೀತಿ. ಆ ವರ್ಷ ಅಂತರ-ಕ್ಲಬ್ ಪಂದ್ಯಕ್ಕೆ ನಮಗಿದ್ದದ್ದು ಒಂದೇ ಜಾಗ. ಅದು ನನಗೆ ಬೇಕಿತ್ತು. ಮೈಸೂರಿನಿಂದ ಬಂದಿದ್ದ ಸಾಫ್ಟ್‌ವೇರ್ ಮ್ಯಾನೇಜರಿಗೂ ಬೇಕಿತ್ತು.

ಓರೆ ಹಲಗೆ

ಮ್ಯಾನೇಜರ ವಿದೇಶಿ ಡಬ್ಬಿಯಲ್ಲಿ ಒಂದೊಂದು ಗುಂಡಿಗೂ ಒಂದೊಂದು ಗೂಡು, ಮದುವೆಮನೆಯ ಮಿಠಾಯಿ ಪೆಟ್ಟಿಗೆಯ ಹಾಗೆ. ನನ್ನ ಅಗ್ಗದವು ರಟ್ಟಿನ ಡಬ್ಬಿಯಲ್ಲಿ ಗಲಗಲ.

"ಎರಡನ್ನೂ ಹೋಲಿಸಿ ತೋರಿಸ್ತೀನಿ, ನೋಡಿ ಮೇಡಂ" ಎಂದು ತಮ್ಮ ಪಿಸ್ತೂಲಿನಿಂದ ಹೊಡೆದರು. ಅಗ್ಗದವು ಕೊಂಚ ಚದುರಿದರೂ ಗುರಿಹಲಗೆಯ ನಡುವೆಯೇ ಬಿದ್ದವು. ದುಬಾರಿಯವು ಒಂದಕ್ಕೊಂದು ಅಂಟಿಕೊಂಡೇ ಬಿದ್ದವು, ಆದರೆ ಎಡಮೂಲೆಯಲ್ಲಿ! ಪಿಸ್ತೂಲಿನ ಮೇಲಿನ ಗುರಿಕಣ್ಣನ್ನು ಕ್ಲಬ್ಬಿನವರು ಹೊಂದಿಸಿಕೊಟ್ಟಿದ್ದು ಅಗ್ಗದ ಗುಂಡಿಗೆ. ಗುಂಡು ಬದಲಾದರೆ ಅದನ್ನೂ ತಿರುಗಿಸಬೇಕು. ಅವರು ಒಪ್ಪಬೇಕಲ್ಲ!

"ಹಲಗೇನೇ ಓರೆಯಾಗಿದೆ."

"ಹೌದ್ರಿ ಸಾಹೇಬ್ರ," ಅಂದರು ವೈನಿ, "ಹಲಗೀನೂ ಫಾರಿನ್ನಿಂದನ ತರಸ್ರಿ."

ಮಸಿ

ಅಗ್ಗದ ಗುಂಡಿಗೂ ಅದರದೇ ಆದ ಕಾಟ. ಒಂದೊಂದು ಗುಂಡು ಹಾರದೆ ಟಕ್ ಎಂದು ಸುಮ್ಮನಾಗುತ್ತಿತ್ತು. ಮಸಿಯಂತೂ ಕೈಗೆ, ಕೈಯಿಂದ ಮುಖಕ್ಕೆ. ಒಂದು ಸಂಜೆ ಹಾಗೇ ಮನೆಗೆ ಬಂದೆ.

"ಏನಿದು, ಸ್ಟೋವ್ ಭುಗ್ ಅಂತೇನು?" ಎಂದರು ಯಜಮಾನರು.

"ಇಲ್ಲರಿ, ಪಿಸ್ತೂಲ್ ಹೊಡದು ಬಂದೀನಿ."

ಅವರು ತಟ್ಟನೆ ಎದ್ದರು. "ಕೂಡು ಕೂಡು, ಚಹಾ ನಾನ ಮಾಡ್ತೀನಿ."

ಕುಂಕುಮ

ಅಷ್ಟರಲ್ಲಿ ಮ್ಯಾನೇಜರು ಗುರಿಕಣ್ಣು ಸರಿಮಾಡಿಸಿಕೊಂಡಿದ್ದರು. ದುಬಾರಿ ಗುಂಡು ಒಂದೇ ತೂತಿನಲ್ಲಿ ಹಾಯುವಂತೆ ಹೊಡೆಯುತ್ತಿದ್ದರು. ಜಾಗ ಹೋಯಿತು ಅಂದುಕೊಂಡೆ.

ಆಯ್ಕೆ ಪಂದ್ಯದ ಹಿಂದಿನ ದಿನ ಕ್ಲಬ್ಬಿನಲ್ಲಿ ಆಯುಧಪೂಜೆ. ನನ್ನ ರಟ್ಟಿನ ಡಬ್ಬಿಯನ್ನು ಅವರು ಮೆಲ್ಲಗೆ ಪಕ್ಕಕ್ಕೆ ಸರಿಸಿದರು: "ದೇವಿ ಮುಂದೆ ಒಳ್ಳೇದಿರಲಿ ಮೇಡಂ." ಆಮೇಲೆ ಕುಂಕುಮವನ್ನು ಎಣ್ಣೆಯಲ್ಲಿ ಕಲೆಸಿ, ತಮ್ಮ ಒಂದೊಂದು ಗುಂಡಿಗೂ ಭಕ್ತಿಯಿಂದ ಬೊಟ್ಟಿಟ್ಟರು. ಮರುದಿನ ಒರೆಸಿಯೇ ತುಂಬುತ್ತಾರೆಂದು ನಾವೆಲ್ಲ ತಿಳಿದೆವು. ಒರೆಸಿದರೆ ಪ್ರಸಾದ ಹೋಗುತ್ತದೆಂದು ಅವರು ತಿಳಿದರು.

ಮುಂಜಾನೆ ಅವರ ಮೊದಲ ಗುಂಡು ಹಾರಿತು. ಎರಡನೆಯದು ಒಳಗೇ ಕಚ್ಚಿಕೊಂಡಿತು. ಮೇಲ್ವಿಚಾರಕರು ಬಂದು ಪಿಸ್ತೂಲು ಬಿಚ್ಚಿದರೆ ಬೆರಳೆಲ್ಲ ಕೆಂಪು. "ಅರೇ, ಖೂನ್!" ಎಂದು ರಕ್ತವೆಂದೇ ಕೂಗಿ, ಆಮೇಲೆ ಮೂಸಿ ನೋಡಿದರು. "ಕ್ಯಾ ಸಾಬ್, ಕುಂಕುಮ್?"

ಮ್ಯಾನೇಜರು ಪಿಸ್ತೂಲು ತಿಕ್ಕಿ ತೊಳೆಯುವುದರಲ್ಲಿ ಅವರ ಸಮಯ ಮುಗಿಯಿತು. ಪೂಜೆ ಕಾಣದ ನನ್ನ ಗುಂಡುಗಳು ಒಂದೂ ತಪ್ಪದೆ ಹಾರಿದವು. ಜಾಗ ನನ್ನದಾಯಿತು!

ಮ್ಯಾನೇಜರು ಸಂಕೋಚದಿಂದ ಬಂದರು. "ಮೇಡಂ, ನಿಮ್ಮ ಗುಂಡು ಎಲ್ಲಿ ಸಿಗುತ್ತೆ?"

ನನಗಿಂತ ಮೊದಲು ವೈನಿ ಬಾಯಿ ಹಾಕಿದರು: "ಕೊಡಸ್ತೀವ್ರಿ. ಆದ್ರ ದೇವರಿಗಿ ತೋರಸಬ್ಯಾಡ್ರಿ."

ನಿಮ್ಮ ಪೈಕಿ ಯಾರಾದರೂ ಆಯುಧಪೂಜೆಗೆ ಗುಂಡು ಇಡುವವರಿದ್ದರೆ ಅವರಿಗೂ ಇದನ್ನು ಮುಟ್ಟಿಸಿ: ಬೊಟ್ಟು ಡಬ್ಬಿಗೆ ಇಟ್ಟರೂ ದೇವಿಗೆ ಸಲ್ಲುತ್ತದೆ.