ನಮ್ಮ ಬೋಂಡನಿಗೆ ಹುಣ್ಣಾದ ಕಥೆ

ನಾಯಿ ಸಾಕಿದವರು ನಗು ಹುಡುಕ್ಕೊಂಡು ಎಲ್ಲೂ ಹೋಗಬೇಕಾಗಿಲ್ಲ, ಅದೇ ಬಾಲ ಅಲ್ಲಾಡಿಸ್ಕೊಂಡು ಮನೆಗೆ ಬರುತ್ತೆ. ನಮ್ಮನೆಗೆ ಅದು ಬಂದದ್ದು ನಮ್ಮ ಯಜಮಾನ್ರ ಊಟದ ಬ್ಯಾಗಲ್ಲಿ. ತುಮಕೂರು ಪಕ್ಕದ ಸತ್ಯಮಂಗಲದಲ್ಲಿ ಅವರು ಕೆಲಸ ಮಾಡೋ ಫ್ಯಾಕ್ಟರಿ ಗೇಟಲ್ಲಿ ಹುಟ್ಟಿದ ಮರಿ. "ಎರಡೇ ದಿನ ಕಣೇ" ಅಂತ ಇಳಿಸಿದ್ರು. ಕ್ಯಾತ್ಸಂದ್ರದ ನಮ್ಮ ಬಾಡಿಗೆ ಮನೇಲಿ ಆ ಎರಡು ದಿನ ಇನ್ನೂ ಮುಗಿದಿಲ್ಲ. ಗುಂಡುಗುಂಡಗಿದ್ದ, ಬೋಂಡ ಅಂತ ಹೆಸರಿಟ್ವಿ.

ಚಳಿ ಶುರುವಾಗಿದ್ದೇ ತಡ, ಬೋಂಡನ ಹೊಟ್ಟೆ ಅಡಿ, ಮೊಣಕೈ ಹತ್ರ ಕೆಂಪಗೆ ಹುಣ್ಣಾಯ್ತು. ಮುಲಾಮು ಹಚ್ಚಿದ್ರೆ ಒಣಗೋದು, ಇನ್ನೇನು ವಾಸಿಯಾಯ್ತು ಅನ್ನುವಾಗ ಮತ್ತೆ ಏಳೋದು. ನೆಕ್ಕಿ ನೆಕ್ಕಿ ಹಸಿ ಮಾಡ್ಕೊಂಡು ನನ್ನ ಮುಖ ನೋಡೋನು.

ಮಹಡಿ ಮೇಲಿರೋ ಓನರ್ರು ರಿಟೈರಾದ ಡ್ರಿಲ್ ಮೇಷ್ಟ್ರು. ಮಾತಾಡಿದ್ರೆ ಸೀಟಿ ಊದಿದಂಗೆ. "ನೋಡಮ್ಮ, ಸಂಕ್ರಾಂತಿ ಒಳಗೆ ಈ ಹುಣ್ಣು ವಾಸಿಯಾಗ್ಬೇಕು. ಇಲ್ದಿದ್ರೆ ನಾಯಿ ಹೋಗ್ಬೇಕು, ಇಲ್ಲಾ ನೀವು ಹೋಗ್ಬೇಕು" ಅಂದ್ಬಿಟ್ರು.

ನಾನು ಅಳೋ ಹಂಗಾದೆ. ನಮ್ಮೋರು ಸಮಾಧಾನ ಮಾಡಿದ್ರು: "ಯೋಚ್ನೆ ಮಾಡ್ಬೇಡ. ಅಂಥ ಟೈಮ್ ಬಂದ್ರೆ ನಾನೂ ಬೋಂಡನೂ ಹೋಗ್ತೀವಿ, ನೀನು ಆರಾಮಾಗಿ ಇಲ್ಲೇ ಇರು."

ಅರಿಶಿನದ ಪ್ರಯೋಗ

ನಾನು ದಿನಾ ಗುಬ್ಬಿಗೆ ಹೋಗಿ ಬರೋಳು, ಅಲ್ಲೊಂದು ಆಫೀಸಲ್ಲಿ ಕ್ಲರ್ಕು. ಆಫೀಸಲ್ಲಿ ಬಾಯಿ ಬಿಟ್ಟಿದ್ದೇ ತಪ್ಪಾಯ್ತು, ಎಲ್ಲರೂ ಡಾಕ್ಟ್ರೇ. ಪಕ್ಕದ ಸೀಟಿನೋಳು, "ಅರಿಶಿನ, ಬೇವಿನೆಣ್ಣೆ ಕಲಸಿ ಮೆತ್ತು ಕಣೇ. ನಮ್ಮಜ್ಜಿ ಕಾಲದ ಔಷಧಿ" ಅಂದ್ಲು.

ಒಂದು ಭಾನುವಾರ ಬೆಳಗ್ಗೆ ಧಾರಾಳವಾಗಿ ಮೆತ್ತಿದೆ. ಅವತ್ತೇ ಗುಬ್ಬೀಲಿ ಆ ಪಕ್ಕದ ಸೀಟಿನೋಳ ತಮ್ಮನ ಮದುವೆ. ನಮ್ಮ ಯಜಮಾನ್ರು ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಿಳಿ ಪಂಚೆಲಿ ಈಚೆ ಬಂದ್ರು. ಅಪ್ಪ ಇಷ್ಟು ಚೆನ್ನಾಗಿ ಕಂಡಿದ್ದು ಬೋಂಡನಿಗೆ ಅದೇ ಮೊದಲು ಅಂತ ಕಾಣ್ಸುತ್ತೆ. ಹಾರಿ ಎದೆಗೆ ಬಿದ್ದ, ಕಾಲಿಗೆ ಸುತ್ತಿದ, ಬೆನ್ನಿಗೂ ಒಂದ್ಸಲ ಉಜ್ಜಿದ. ಬಟ್ಟೆ ಬದಲಾಯಿಸೋಕೆ ಟೈಮಿಲ್ಲ, ಬಸ್ಸು ಹೊರಡೋದ್ರಲ್ಲಿತ್ತು. ಹಂಗೇ ಹೋದ್ವಿ.

ಛತ್ರದ ಬಾಗಿಲಲ್ಲಿ ಹೆಣ್ಣಿನ ಕಡೆ ಹಿರಿಯರೊಬ್ಬರು ಇವರ ಕೈ ಹಿಡ್ಕೊಂಡು, "ಏನಪ್ಪಾ, ಮುಹೂರ್ತಕ್ಕೆ ಹೊತ್ತಾಯ್ತು, ನೀನಿನ್ನೂ ಇಲ್ಲೇ ನಿಂತಿದೀಯ!" ಅಂತ ಸೀದಾ ಮಂಟಪದ ಕಡೆ ಎಳ್ಕೊಂಡು ಹೋದ್ರು. ನಮ್ಮೋರು ಬೇಡ ಅನ್ನಲೂ ಇಲ್ಲ.

ಪಥ್ಯ

ಅಜ್ಜಿ ಔಷಧಿ ನಾಟಲಿಲ್ಲ. ತುಮಕೂರಲ್ಲಿ ದನದ ಡಾಕ್ಟ್ರಿಗೆ ತೋರಿಸಿದ್ವಿ. "ಊಟದ ಅಲರ್ಜಿ ಇರ್ಬಹುದು. ಕೆಲವು ವಾರ ಅನ್ನ, ಸಿಹಿಗುಂಬಳ ಬಿಟ್ಟು ಏನೂ ಹಾಕ್ಬೇಡಿ" ಅಂದ್ರು.

ನಾನು ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದೆ. ಆಶ್ಚರ್ಯ ಅಂದ್ರೆ ಪಥ್ಯ ಮಾಡ್ತಾ ಮಾಡ್ತಾ ಬೋಂಡ ಇನ್ನೂ ದಪ್ಪಗಾದ. ಒಂದಿನ ಯಜಮಾನ್ರಿಗೆ ಡ್ಯೂಟಿ ಇತ್ತು, ಸಂಜೆ ವಾಕಿಂಗಿಗೆ ನಾನೇ ಕರ್ಕೊಂಡು ಹೊರಟೆ. ನಾನು ಕರ್ಕೊಂಡು ಹೋದೆ ಅನ್ನೋದು ಸುಳ್ಳು, ಅವನೇ ನನ್ನ ದರದರ ಎಳ್ಕೊಂಡು ಹೈವೇ ಪಕ್ಕದ ಹೋಟ್ಲು ಮುಂದೆ ನಿಲ್ಸಿದ. ಆರ್ಡರ್ ಕೊಡೋ ಮುಂಚೆನೇ ಸಪ್ಲೈಯರ್ ತಟ್ಟೆ ಇಡ್ಲಿ ತಂದಿಟ್ಟ. "ಸಾರ್ ಬರ್ಲಿಲ್ವಾ ಮೇಡಂ? ಇವ್ನಿಗೆ ಬೆಣ್ಣೆ ಜಾಸ್ತಿ, ಚಟ್ನಿ ಬೇಡ ಅಲ್ವಾ?"

ಇವರು ಡ್ಯೂಟಿ ಮುಗಿಸಿ ಬಂದ ತಕ್ಷಣ ಹಿಡ್ಕೊಂಡೆ. "ಏನ್ರೀ ಇದು?"

ನಮ್ಮೋರು ತಲೆ ತಗ್ಗಿಸಿ, "ಡಾಕ್ಟ್ರು ಪಥ್ಯ ಹೇಳಿದಾರಲ್ಲ ಕಣೇ, ಅದಕ್ಕೇ ಚಟ್ನಿ ಬಿಡ್ಸಿದೀನಿ" ಅಂದ್ರು.

ಕುಣಿಗಲ್ ಹವಾ

ಇಡ್ಲಿ ನಿಲ್ತು, ಹುಣ್ಣು ನಿಲ್ಲಲಿಲ್ಲ. ಸಂಕ್ರಾಂತಿ ಹತ್ರ ಬಂತು. ಮೇಷ್ಟ್ರು ದಿನಾ ಗೇಟಲ್ಲಿ ನಿಂತು ಬೋಂಡನ ಹೊಟ್ಟೆ ಬಗ್ಗಿ ನೋಡಿ, "ಇನ್ನೂ ಹಂಗೇ ಐತಲ್ಲಮ್ಮ" ಅಂತ ಗದರೋರು. ಬೇರೆ ದಾರಿ ಕಾಣದೆ ಕುಣಿಗಲ್‌ನಲ್ಲಿರೋ ನಾದಿನಿ ಮನೆಗೆ ಬಿಟ್ಟು ಬಂದ್ವಿ. ವಾಪಸ್ ಬರುವಾಗ ಬಸ್ಸಲ್ಲಿ ಹೆಬ್ಬೂರು ದಾಟೋವರೆಗೂ ಅತ್ತಿದೀನಿ, ಹೇಳೋಕೆ ನನಗೇನೂ ನಾಚಿಕೆ ಇಲ್ಲ.

ಸ್ವಲ್ಪ ದಿನಕ್ಕೆ ನಾದಿನಿ ಫೋನು. "ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಹುಣ್ಣೆಲ್ಲಾ ಒಣಗಿ ಕೂದ್ಲೂ ಬಂದೈತೆ. ನಿಮ್ಮನೇಲೇ ಏನೋ ಅವನಿಗೆ ಆಗ್ಬರಲ್ಲ."

ಡಾಕ್ಟ್ರೂ ಅದನ್ನೇ ಅಂದ್ರು. "ಹಂಗಾದ್ರೆ ಕಾರಣ ನಿಮ್ಮ ಕಾಂಪೌಂಡ್ ಒಳಗೇ ಇದೆ. ವಾಪಸ್ ಕರ್ಕೊಂಡ್ ಬನ್ನಿ, ಎಲ್ಲೆಲ್ಲಿ ಹೋಗ್ತಾನೆ, ಎಲ್ಲಿ ಮಲಗ್ತಾನೆ, ಕಣ್ಣಿಟ್ಟು ನೋಡಿ."

ಅವತ್ತು ಸಂಜೆ ನಮ್ಮೋರು ಫಿನಾಯಿಲ್, ಸೋಪಿನ ಪುಡಿ, ಕಾಲೊರೆಸೋ ಮ್ಯಾಟು ಎಲ್ಲಾ ಒಂದೊಂದೇ ಪರೀಕ್ಷೆ ಮಾಡಿ, ಕೊನೆಗೆ ನನ್ನನ್ನೇ ದಿಟ್ಟಿಸಿ ನೋಡಿದ್ರು. ನಾನು ಬಿಡ್ತೀನಾ? "ಮದುವೆ ಆದಾಗಿಂದ ನಂಗೂ ತಲೆನೋವು ಇದೆ. ನನ್ನೂ ಒಂದ್ಸಲ ಕುಣಿಗಲ್‌ಗೆ ಬಿಟ್ಟು ನೋಡಿ, ವಾಸಿಯಾದ್ರೆ ಕಾರಣ ಯಾರು ಅಂತ ಗೊತ್ತಾಗುತ್ತೆ" ಅಂದೆ.

ಹಂಡೆ ಒಲೆ ಮುಂದೆ

ಬೋಂಡನ್ನ ಕರ್ಕೊಂಡು ಬಂದ್ವಿ. ಹುಣ್ಣೂ ಬಂತು. ಬೆಳಗಿನ ಜಾವ ಅವನನ್ನ ಹೊರಗೆ ಬಿಡೋದು ವಾಡಿಕೆ. ಅವತ್ತು ಬಿಟ್ಟು, ನಾವಿಬ್ರೂ ಹಿಂದೇನೇ ಕಳ್ಳಹೆಜ್ಜೆ ಹಾಕಿದ್ವಿ. ಸೀದಾ ಹಿತ್ತಲ ಬಚ್ಚಲು ಮನೆಗೆ ಹೋದ. ಮೇಷ್ಟ್ರಿಗೆ ಗೀಸರ್ ನೀರು ಒಗ್ಗಲ್ಲ, ತೆಂಗಿನ ಮಟ್ಟೆ ಉರಿಸಿ ಹಂಡೇಲೇ ಕಾಯಿಸ್ಬೇಕು. ಒಳಗೆ ಇಣುಕಿದ್ರೆ ಏನು ನೋಡೋದು! ನಮ್ಮ ಮೇಷ್ಟ್ರು ಮಫ್ಲರ್ ಸುತ್ಕೊಂಡು ಒಲೆ ಮುಂದೆ ಕುಕ್ಕರುಗಾಲಲ್ಲಿ ಕೂತು ಬಿಸಿ ಬೂದಿ ಈಚೆ ಎಳೀತಿದಾರೆ, ಅದರ ಮೇಲೆ ಗೋಣಿಚೀಲ ಹಾಸಿ ಕೈಯಲ್ಲಿ ತಟ್ಟಿ ಮೆತ್ತಗೆ ಮಾಡ್ತಿದಾರೆ.

"ಮಲಕ್ಕಳಪ್ಪ ಮಗನೇ, ಬೆಚ್ಚಗೈತೆ. ಕೆಳಗಿನೋರು ನಿನ್ನ ಬರೀ ಸಿಮೆಂಟ್ ಮೇಲೆ ಮಲಗುಸ್ತಾರೆ, ಕರುಣೆ ಇಲ್ದೋರು."

ಬೋಂಡ ಹೊಟ್ಟೆ ಚೆಲ್ಲಿ ಬಿದ್ಕೊಂಡ. ಹೊರಳಾಡಿ ಗೋಣಿ ಪಕ್ಕಕ್ಕೆ ಸರಿದು, ಬೂದಿ ಮೇಲೇ ಮಲಗಿದ. ಆಮೇಲೆ ಮೇಷ್ಟ್ರು ಅವನನ್ನ ತೊಡೆ ಮೇಲೆ ಎಳ್ಕೊಂಡು ಒದ್ದೆ ಟವೆಲಲ್ಲಿ ಹೊಟ್ಟೆಯೆಲ್ಲಾ ಉಜ್ಜಿ ಒರೆಸಿದ್ರು. "ಬೂದಿ ಕಂಡ್ರೆ ಆಯಮ್ಮ ಸುಮ್ನೆ ಬಿಡಲ್ಲ ಕಣೋ."

ನಮ್ಮೋರಿಗೆ ನಗು ತಡೆಯೋಕಾಗ್ಲಿಲ್ಲ. ಮೇಷ್ಟ್ರು ಬೆಚ್ಚಿ ತಿರುಗಿ ನೋಡಿ, ನಾಯಿ ತೊಡೆ ಮೇಲಿರುವಾಗ್ಲೇ ಗದರಿದ್ರು: "ಏನಮ್ಮ ಇದು, ನಿಮ್ಮ ನಾಯಿ ನಮ್ಮ ಬಚ್ಚಲಿಗೆ ನುಗ್ಗೈತೆ!"

"ಮತ್ತೆ ಓಡಿಸ್ತೀನಿ ಅಂತಿದ್ರಲ್ಲ ಮೇಷ್ಟ್ರೇ?" ಅಂದೆ.

"ಹೆದರಿಸಿದ್ರೆ ಚೆನ್ನಾಗಿ ನೋಡ್ಕೊತೀರ ಅನ್ಕೊಂಡೆ. ನೀವು ಹೋಗಿ ಕುಣಿಗಲ್‌ಗೆ ಸಾಗಾಕಿ ಬರ್ತೀರ ಅಂತ ನಂಗೇನ್ ಗೊತ್ತು?" ಅಂದ ಅವರ ದನೀಲಿ ಸೀಟಿ ಇರಲಿಲ್ಲ. "ಅವನಿಲ್ದೆ ನಂಗೆ ಸ್ನಾನಾನೇ ಸೇರ್ತಿರ್ಲಿಲ್ಲ."

ಅವತ್ತೇ ಎಲ್ಲರೂ ಡಾಕ್ಟ್ರ ಹತ್ರ ಹೋದ್ವಿ. ಆಟೋದಲ್ಲಿ ಬೋಂಡ ಮೇಷ್ಟ್ರ ತೊಡೆ ಬಿಟ್ಟು ಏಳಲಿಲ್ಲ. ಡಾಕ್ಟ್ರು ಕೇಳಿ ತಲೆ ಆಡಿಸಿದ್ರು. "ಅದೇ ಕಾರಣ. ಬಿಸಿ ಬೂದಿಗೆ ನೀರು ತಾಗಿದ್ರೆ ಕ್ಷಾರ ಆಗುತ್ತೆ, ಚರ್ಮ ಸುಡುತ್ತೆ. ಅದರ ಮೇಲೆ ಉಜ್ಜಿದ್ರೆ ಕೇಳ್ಬೇಕಾ? ಬೂದಿ ನಿಲ್ಸಿ, ದಪ್ಪ ಕಂಬಳಿ ಹಾಸಿ, ಹುಣ್ಣು ತಾನಾಗೇ ಹೋಗುತ್ತೆ."

"ನಾನೇ ಮಾಡಿದ್ನಾ ಇದನ್ನ?" ಅಂತ ಮೇಷ್ಟ್ರು ಬೋಂಡನ ತಲೆ ಸವರಿದ್ರು. ಕಣ್ಣು ತುಂಬಿತ್ತು. ಇನ್ನು ಬೋಂಡ ಎಲ್ಲೂ ಹೋಗ್ಬೇಕಾಗಿಲ್ಲ ಅಂತ ನನ್ನ ಜೀವ ನಿರಾಳವಾಯ್ತು.

ಡಾಕ್ಟ್ರು ಅವರನ್ನ ನೋಡಿ, "ತಾವ್ಯಾರು, ಗೊತ್ತಾಗ್ಲಿಲ್ಲ?" ಅಂತ ಕೇಳಿದ್ರು.

ನಾನು ಬಾಯಿ ತೆಗೆಯೋ ಮುಂಚೆನೇ ಮೇಷ್ಟ್ರು ಕಣ್ಣೊರೆಸ್ಕೊಂಡು ಎದೆ ಸೆಟೆಸಿ ನಿಂತ್ಕೊಂಡ್ರು.

"ನಾಯಿ ನಮ್ದು ಸಾರ್. ಇವ್ರು ನಮ್ಮನೇಲಿ ಬಾಡಿಗೆಗಿದಾರೆ."