ಗ್ರೀಕ್ ಮೇಳಕ್ಕೆ ಒಂದು ಮೊಳ ಮಲ್ಲಿಗೆ

“ನೋಡು ನೀಲು, ಇನ್ನು ಭಾಷಣಕ್ಕೆ ನೀನು ತಲೆ ಕೆಡಿಸ್ಕೋಬೇಕಾಗಿಲ್ಲ!” ಎಂದು ರುದ್ರಾರಾಧ್ಯರು ಯಂತ್ರದ ಮೇಲಿನ ಚಾದರವನ್ನು ಸರಕ್ಕನೆ ಎಳೆದರು. ಗ್ರೈಂಡರಿನ ಮೋಟಾರು, ಹಳೆಯ ಪ್ರೊಜೆಕ್ಟರು, ಅಕ್ಕಪಕ್ಕ ಎರಡು ತಕ್ಕಡಿ ತಟ್ಟೆ. ಹೆಸರು ತುಲನಾಯಂತ್ರ!

“ಒಂದು ತಟ್ಟೇಲಿ ಸಿನಿಮಾ ರೀಲು, ಇನ್ನೊಂದ್ರಲ್ಲಿ ಗ್ರೀಕ್ ನಾಟಕದ ಪುಸ್ತಕ. ಎಲ್ಲಿ ಒಂದೇ ಥರ, ಎಲ್ಲಿ ಬೇರೆ, ಎಲ್ಲಾ ಅಚ್ಚಾಗಿ ಬರುತ್ತೆ!”

“ಹೋದ ಸಲದ ಯಂತ್ರ ನನ್ನ ರೇಷ್ಮೆ ಸೀರೆ ರುಬ್ಬಿ ಹಾಕ್ತು.”

“ಅದು ಗ್ರೈಂಡರ್ ತಪ್ಪು!”

“ಇದೂ ಅದೇ ಗ್ರೈಂಡರ್ ಅಲ್ವೇನ್ರೀ?”

ನೀಲಮ್ಮನವರು ಜಗಳ ಬೆಳೆಸಲಿಲ್ಲ. ಸಂಜೆ ಐದಕ್ಕೆ ಮಹಿಳಾ ಚಿತ್ರ ಸಮಾಜದಲ್ಲಿ ‘ಈಗಿನ ಸಿನಿಮಾ, ಹಳೆಯ ಗ್ರೀಕ್ ನಾಟಕ’ ಎಂದು ಅವರ ಭಾಷಣವಿತ್ತು. ಐವತ್ತೆಂಟು ವರ್ಷಗಳಲ್ಲಿ ಒಮ್ಮೆಯೂ ಅವರು ವೇದಿಕೆಯ ಮೇಲೆ ಬಾಯಿ ತೆರೆದವರಲ್ಲ. ಈ ಸಲವೂ ಹೆದರಿ ಇಳಿದು ಬಂದರೆ ನನ್ನ ಮುಖ ನಾನೇ ನೋಡಿಕೊಳ್ಳಲಾರೆ ಎನಿಸಿಬಿಟ್ಟಿತ್ತು.

ಹೊಸ ಯಂತ್ರವನ್ನು ಪೂಜೆಯಿಲ್ಲದೆ ಶುರು ಮಾಡುವುದುಂಟೇ? ಗಂಡ ಪ್ಲಗ್ಗು ಹುಡುಕುವಷ್ಟರಲ್ಲಿ ನೀಲಮ್ಮನವರು ಮೋಟಾರಿಗೆ ಕುಂಕುಮವಿಟ್ಟು, ಒಂದು ಮೊಳ ಮಲ್ಲಿಗೆ ಏರಿಸಿದರು. ಅದು ಜಾರಿ ನಾಟಕದ ತಟ್ಟೆಗೆ ಬಿತ್ತು. ನಾಟಕದ ಕಡೆ ತೂಕ ಹೆಚ್ಚಾಯಿತು.

ಪ್ಲಗ್ಗು ಹಾಕಿದ್ದೇ ಬಿಳಿ ಗೋಡೆಯ ಮೇಲೆ ಸಿನಿಮಾ ಮೂಡಿತು. ಇನ್‌ಸ್ಪೆಕ್ಟರ್ ಹೀರೋ ಖಳನಾಯಕನ ಕೊರಳಪಟ್ಟಿ ಹಿಡಿದ. ಇನ್ನೇನು ಹೊಡೆಯಬೇಕು, ಇಬ್ಬರೂ ಬಾಗಿಲ ಹಿಂದೆ ಹೋಗಿಬಿಟ್ಟರು! ದೂತನೊಬ್ಬ ಓಡಿ ಬಂದು ಒಳಗಿನ ಹೊಡೆದಾಟವನ್ನು ಹನ್ನೊಂದು ನಿಮಿಷ ವರ್ಣಿಸಿದ.

“ರೀ, ಹೊಡೆದಾಟ ಮರೆಯಲ್ಲಾಗೋದು ಗ್ರೀಕ್ ನಾಟಕದಲ್ಲಿ! ನಾಟಕ ಉಕ್ಕಿ ಸಿನಿಮಾದೊಳಕ್ಕೆ ಹರೀತಿದೆ!”

ಅಷ್ಟಕ್ಕೇ ನಿಲ್ಲಲಿಲ್ಲ. ಗೋಡೆಯಿಂದ ಬಿಳಿ ಶಾಲು ಹೊದ್ದ ಹನ್ನೆರಡು ಮುದುಕರು ಒಬ್ಬರ ಹಿಂದೊಬ್ಬರು ಇಳಿದರು. ನಾಟಕದ ಮೇಳ! ರಾಜನಿಗೆ ಬುದ್ಧಿ ಹೇಳುವ, ಆದರೆ ಕುಳಿತಲ್ಲಿಂದ ಏಳದ ಹಿರಿಯರು. ಪುಸ್ತಕ ಅನುವಾದದ್ದಾದ್ದರಿಂದ ಅವರ ಕನ್ನಡ ಸ್ವಲ್ಪ ಬಿಗಿ.

“ಅಯ್ಯೋ, ಈ ಮಾನವನು ಸ್ಕ್ರೂಡ್ರೈವರನ್ನು ಹಿಡಿದನು!” ಎಂದು ಹನ್ನೆರಡು ಕಂಠಗಳು ಒಟ್ಟಿಗೆ ಕೊರಗಿದವು.

“ಸುಮ್ನಿರ್ರೀ!” ಎಂದು ರುದ್ರಾರಾಧ್ಯರು ಹೂವನ್ನು ಕಿತ್ತೆಸೆದರು. ತಕ್ಕಡಿ ಸಿನಿಮಾದ ಕಡೆಗೆ ವಾಲಿತು. ಈಗ ಸಿನಿಮಾ ನಾಟಕದೊಳಕ್ಕೆ ಹರಿಯಿತು! ಫ್ಯಾನಿಲ್ಲದ ಹಾಲಿನಲ್ಲಿ ಎಲ್ಲಿಂದಲೋ ತಂಗಾಳಿ ಬೀಸಿತು. ಮುದುಕರ ಶಾಲುಗಳು ನಿಧಾನವಾಗಿ, ಬಹಳ ನಿಧಾನವಾಗಿ ಹಾರತೊಡಗಿದವು. ಮಲ್ಲಿಗೆಯ ಎಸಳುಗಳು ನೆಲಕ್ಕೆ ಬೀಳುವುದನ್ನೇ ಮರೆತು ತೇಲಿದವು. ನೀಲಮ್ಮನವರಿಗೆ ಮಧ್ಯಾಹ್ನದ ಜೊಂಪಿನಲ್ಲಿದ್ದ ಹಾಗಾಯಿತು. ಎಷ್ಟು ಚೆನ್ನಾಗಿದೆ ಎನಿಸಿ ಕಣ್ಣು ತುಂಬಿ ಬಂತು. ಎಚ್ಚೆತ್ತಾಗ ಗಡಿಯಾರ ನಾಲ್ಕೂಮುಕ್ಕಾಲು! ಅಚ್ಚಾಗಿ ಒಂದಕ್ಷರವೂ ಬಂದಿರಲಿಲ್ಲ.

ಪ್ಲಗ್ಗು ಕಿತ್ತರೂ ಮೇಳ ಮಾಯವಾಗಲಿಲ್ಲ. ಸರಸ್ವತಿಪುರದ ಬೀದಿಯಲ್ಲಿ ನೀಲಮ್ಮನವರ ಹಿಂದೆ ಹನ್ನೆರಡು ಮಂದಿ ಬರಿಗಾಲಲ್ಲಿ ತೇಲುತ್ತ ನಡೆದರು. ಇಳಿಬಿಸಿಲು ಅವರ ಮೈಯೊಳಗಿಂದಲೇ ಹಾದು ರಸ್ತೆಗೆ ಬೀಳುತ್ತಿತ್ತು. ವೇದಿಕೆಗೂ ಬಿಡದೆ ಹತ್ತಿ ಬೆನ್ನ ಹಿಂದೆ ಸಾಲಾಗಿ ನಿಂತರು.

ನೀಲಮ್ಮನವರು ಮೈಕು ಹಿಡಿದರು. ಅದರ ಎತ್ತರವನ್ನು ಮೂರು ಸಲ ಸರಿಮಾಡಿದರು. ಸಭೆ ಕಾಯಿತು.

“ಈಕೆ ಅಂಜಿದಳು,” ಎಂದಿತು ಮೇಳ. “ಈಕೆಗೆ ಮಾತು ಬಾರದು. ಅಯ್ಯೋ, ಈಕೆ ಕೆಳಗಿಳಿಯುವಳು!”

ನೀಲಮ್ಮನವರಿಗೆ ಎಲ್ಲಿತ್ತೋ ಸಿಟ್ಟು! ಸಭೆಗೆ ಬೆನ್ನು ತಿರುಗಿಸಿ ನಿಂತರು.

“ಯಾರ್ರೀ ಹೇಳಿದ್ದು ಬರಲ್ಲ ಅಂತ? ನಿಮ್ಮ ರಾಜ ಹಿರಿಯರ ಮಾತು ಕೇಳಲಿಲ್ಲ, ನಮ್ಮ ಹೀರೋ ಅಮ್ಮನ ಮಾತು ಕೇಳಲ್ಲ. ಅದೊಂದೇ ಥರ! ರಾಜನಿಗೆ ತಪ್ಪು ಗೊತ್ತಾದಾಗ ನಿಮ್ಮ ನಾಟಕ ಮುಗಿಯುತ್ತೆ, ಹೀರೋಗೆ ಗೊತ್ತಾದಾಗ ನಮ್ಗೆ ಇಂಟರ್‌ವಲ್. ಅದು ಬೇರೆ! ಆದ್ರೆ ನೀವು? ಹನ್ನೆರಡು ಜನ ಇದ್ರಿ. ಕೇಡು ಬಂತು, ಕೇಡು ಬಂತು ಅಂತ ಹಾಡ್ಕೊಂಡು ಕೂತ್ರಿ. ಒಬ್ಬರಾದ್ರೂ ಎದ್ದು ಅವನ ಕೈ ಹಿಡಿದ್ರಾ? ನಮ್ಮ ಸಿನಿಮಾದಲ್ಲೂ ಅಷ್ಟೇ, ಊರಿಗೂರೇ ನಿಂತು ನೋಡುತ್ತೆ. ನಂಗೆ ಹೊಟ್ಟೆ ಉರಿಯೋದು ಅದಕ್ಕೇನೇ!”

ಹೀಗೆ ನಲವತ್ತು ನಿಮಿಷ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಎರಡೂವರೆ ಸಾವಿರ ವರ್ಷಗಳಲ್ಲಿ ಯಾರಿಂದಲೂ ಬೈಸಿಕೊಳ್ಳದ ಮೇಳ ತಲೆ ತಗ್ಗಿಸಿತು. ಮೂಲೆಯಲ್ಲಿ ನಿಂತಿದ್ದ ರುದ್ರಾರಾಧ್ಯರು, “ಯಂತ್ರ ಕೆಲಸ ಮಾಡ್ತು ನೋಡಿದ್ಯಾ!” ಎಂದು ಬೀಗಿದರು.

ಮೇಳ ಇನ್ನೂ ಮೈಸೂರಿನಲ್ಲೇ ಇದೆ. ಬೈಗುಳ ಚೆನ್ನಾಗಿ ನಾಟಿದೆ. ಯಾವ ಟಾಕೀಸಿನಲ್ಲೇ ಆಗಲಿ, ಹೀರೋ ಸಿಟ್ಟಿನಲ್ಲಿ ಮನೆ ಬಿಟ್ಟು ಹೊರಟರೆ ಸಾಕು, ಹನ್ನೆರಡು ಮುದುಕರು ಪರದೆಯೊಳಗೆ ಹತ್ತಿ ಅವನ ಕೈ ಹಿಡಿದು ವಾಪಸು ಕೂರಿಸುತ್ತಾರೆ. ಎಲ್ಲ ಸಿನಿಮಾಗಳೂ ಇಪ್ಪತ್ತು ನಿಮಿಷಕ್ಕೇ ಸುಖವಾಗಿ ಮುಗಿಯುತ್ತಿವೆ. ಇಂಟರ್‌ವಲ್ಲಿನ ಬೋಂಡಾ ವ್ಯಾಪಾರ ನಂಬಿಕೊಂಡವನು ಮಾತ್ರ ನೀಲಮ್ಮನವರನ್ನು ಕಂಡರೆ ಮುಖ ತಿರುಗಿಸುತ್ತಾನೆ.